ಗೇಟಿನಲ್ಲಿ ಬಿಚ್ಚಿದ ತುರುಬು

ಬೋಳಾರ, ಮಂಗಳೂರು
೧೨-೨-೧೯೬೧, ಆದಿತ್ಯವಾರ ಸಂಜೆ

ವಿನ್ನಿ,

ಶುಕ್ರವಾರ ಸಂಜೆ ಐದೂವರೆ ಗಂಟೆಗೆ, ಗೇರುಬೀಜದ ಕಾರ್ಖಾನೆಯ ಗೇಟಿನಲ್ಲಿ, ಅಷ್ಟು ಜನ ಹೆಂಗಸರ ಎದುರು ನೀನು ನನ್ನ ಅಮ್ಮನ ತುರುಬು ಬಿಚ್ಚಿದೆ. ಅದು ತಪ್ಪು. ಬೇರೇನನ್ನಾದರೂ ಬರೆಯುವ ಮೊದಲು ಇದನ್ನು ಬರೆದುಬಿಡುತ್ತಿದ್ದೇನೆ. ಕಾಗದ ಉದ್ದವಾದ ಹಾಗೆ ನಾನು ಮೆತ್ತಗಾಗುತ್ತೇನೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಮೇಸ್ತ್ರಿ ಹೇಳಿದ್ದಕ್ಕೆ ಬಿಚ್ಚಿದೆ ಎನ್ನಬೇಡ. ಅವನು ಗೇಟಿನ ಕಂಬಕ್ಕೆ ಒರಗಿ ನಿಂತು ಹೇಳಿದ್ದನ್ನು ನಾನೂ ಕೇಳಿದೆ. "ಆ ಮುದುಕಿಯ ತಲೆಯನ್ನೂ ನೋಡು ವಿನಿಫ್ರೆಡ್. ಮಧ್ಯಾಹ್ನ ಮಗಳು ಕೂತು ಅಲಂಕಾರ ಮಾಡುತ್ತಿದ್ದಳು. ಅಷ್ಟು ದೊಡ್ಡ ತುರುಬಿನಲ್ಲಿ ಅರ್ಧ ಸೇರು ಬೀಜ ಹಿಡಿಯುತ್ತದೆ" ಎಂದ. ಲಾರಿಯ ಹತ್ತಿರ ಇದ್ದ ಇಬ್ಬರು ಗಂಡಸರು ನಕ್ಕರು. ನಾನು ಆಗಲೇ ತಪಾಸಣೆ ಮುಗಿಸಿಕೊಂಡು ಹೊರಗೆ ರಸ್ತೆಯಲ್ಲಿದ್ದೆ. ನೀನು ಸ್ಟೂಲಿನಿಂದ ಎದ್ದೆ, ಅಮ್ಮನ ಹಿಂದೆ ಹೋದೆ, ನಮಗೆಲ್ಲ ಬೆನ್ನು ಹಾಕಿ ನಿಂತೆ. ನಮ್ಮ ಮುಖ ನೋಡುವ ಧೈರ್ಯ ನಿನಗೆ ಇರಲಿಲ್ಲ. ನನಗೆ ಕಂಡದ್ದು ಇಷ್ಟೇ: ನಿನ್ನ ಮೊಣಕೈಯ ಬದಿಯಿಂದ ಅಮ್ಮನ ನರೆಗೂದಲು ಸೊಂಟದವರೆಗೆ ಜಾರಿತು. ಅಪ್ಪನ ದೋಣಿ ಹಿಂದೆ ಬಾರದ ದಿನ ಬಿಟ್ಟರೆ ಅಮ್ಮ ನಾಲ್ಕು ಜನರ ಎದುರು ಕೂದಲು ಬಿಚ್ಚಿದವಳಲ್ಲ. ಅವಳನ್ನು ಲಕ್ಷ್ಮಿಯಕ್ಕ ಎಂದು ಕರೆದು, ಅವಳ ಕೈಯ ಮೀನುಸಾರು ಉಂಡು ಬೆಳೆದ ನಿನಗೆ ಇದನ್ನು ನಾನು ಹೇಳಬೇಕೆ?

ಗೇಟಿನ ತಪಾಸಣೆ ನಿನ್ನಿಂದ ಶುರುವಾದದ್ದಲ್ಲ, ಒಪ್ಪಿದೆ. ನಾವು ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅದು ಉಂಟು. ದಿನಾ ಸಂಜೆ ಸಾಲಾಗಿ ನಿಲ್ಲುವುದು, ಕೈ ಎತ್ತುವುದು, ಸೆರಗು ಕೊಡವುವುದು, ಬುತ್ತಿಯ ಪಾತ್ರೆ ಬೋರಲು ಮಾಡಿ ತೋರಿಸುವುದು. ಒಂದು ಬೀಜ ಹೊರಗೆ ಹೋದರೆ ಮಾಲೀಕರ ಹಡಗು ಮುಳುಗುತ್ತದೆ ಎನ್ನುವ ಹಾಗೆ. ಮೊದಲು ಕಾವಲುಗಾರನೇ ಮುಟ್ಟಿ ನೋಡುತ್ತಿದ್ದ. ಹೆಂಗಸರು ಗೊಣಗಿದ ಮೇಲೆ ಹೆಂಗಸನ್ನೇ ಕೂರಿಸಿದರು. ಕಳೆದ ದೀಪಾವಳಿಯಿಂದ ಆ ಹೆಂಗಸು ನೀನು.

ನೀನು ಆ ಸ್ಟೂಲಿಗೆ ಯಾಕೆ ಹೋದೆ ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ. ಬೀಜ ಒಡೆಯುವ ಸಾಲಿನಲ್ಲಿ ನಾಲ್ಕು ವರ್ಷ ನನ್ನ ಪಕ್ಕದಲ್ಲೇ ಕೂತಿದ್ದೆ. ಬೀಜದ ಸಿಪ್ಪೆಯ ಗೇರೆಣ್ಣೆ ತಾಗಿ ನಿನ್ನ ಬೆರಳುಗಳು ಕೀವುಗಟ್ಟಿದ್ದನ್ನು, ಬೂದಿ ಎಷ್ಟು ಉಜ್ಜಿದರೂ ನಿಲ್ಲದಿದ್ದನ್ನು, ಇಗರ್ಜಿಯಲ್ಲಿ ಕೈ ಜೋಡಿಸಲಾಗದೆ ನೀನು ಅತ್ತದ್ದನ್ನು ನಾನು ನೋಡಿದ್ದೇನೆ. ಆಗ ನಿನ್ನ ಬುತ್ತಿಯ ಅನ್ನ ಕಲಸಿಕೊಟ್ಟವಳು ನಾನು. ಈಗ ನಿನ್ನ ಕೈ ವಾಸಿಯಾಗಿದೆ. ವಾಸಿಯಾದ ಕೈಯಿಂದ ಮಾಡಿದ ಮೊದಲ ದೊಡ್ಡ ಕೆಲಸ ಇದು.

ಇನ್ನು ನೀನು ಬಾರದ ಎರಡು ದಿನದ ಸಂಗತಿ ಹೇಳುತ್ತೇನೆ. ನೀನಿಲ್ಲದೆಯೂ ನಾವು ನಕ್ಕೆವು, ಉಂಡೆವು ಎಂದು ನಿನಗೆ ತಿಳಿಯಲಿ.

ಶನಿವಾರ ಬಾಯ್ಲರ್ ರಿಪೇರಿ ಎಂದು ರಜೆ ಕೊಟ್ಟರಲ್ಲ. ಎರಡು ದಿನ ಒಟ್ಟಿಗೆ ರಜೆ ಸಿಕ್ಕಿದ್ದು ನನ್ನ ನೆನಪಿನಲ್ಲಿ ಇದೇ ಮೊದಲು. ನಿನ್ನ ತಂಗಿ ಡಾಲಿ ಮಧ್ಯಾಹ್ನ ತನ್ನ ಆಫೀಸಿನಿಂದ ನೇರ ಬಂದಳು, ಬೆರಳ ತುದಿಯಲ್ಲಿ ಟೈಪ್‌ರೈಟರಿನ ನೇರಳೆ ಮಸಿ ಹಾಗೆಯೇ ಇತ್ತು. ಆರಿಫಾ ರಂಜಾನಿನ ನೋಂಬಿಗೆ ಮೊದಲು ಬಟ್ಟೆ ತೆಗೆಯಬೇಕು ಎಂದು ಮನೆಯಲ್ಲಿ ಹೇಳಿ ಉಳ್ಳಾಲದಿಂದ ದೋಣಿಯಲ್ಲಿ ಬಂದಿದ್ದಳು. ಬಟ್ಟೆ ತೆಗೆಯಲು ಹತ್ತು ನಿಮಿಷ ಸಾಕಾಯಿತು. ಉಳಿದ ಮೂರು ಗಂಟೆ ಸಿನಿಮಾ.

ಹಿಂದಿ ಚಿತ್ರ. ಗಿರಣಿ ಮಾಲೀಕನ ಮಗ, ಗಿರಣಿಯಲ್ಲಿ ದುಡಿಯುವ ಹುಡುಗಿ. ಮಧ್ಯದಲ್ಲಿ ಮುಷ್ಕರ ಬಂತು, ನಾನು ಬೆಂಚಿನ ತುದಿಗೆ ಬಂದು ಕೂತೆ. ಅಷ್ಟರಲ್ಲಿ ರೀಲು ಕಡಿಯಿತು. ಮತ್ತೆ ಶುರುವಾದಾಗ ಮುಷ್ಕರವೇ ಮುಗಿದುಹೋಗಿ ಮದುವೆಯ ಚಪ್ಪರ ಹಾಕಿದ್ದರು. ಹೆಂಗಸರ ಕಡೆ ಎಲ್ಲರೂ ಮೂಗು ಒರೆಸಿಕೊಳ್ಳುತ್ತಿದ್ದರು. ಆರಿಫಾ ಬುರ್ಖಾದೊಳಗೇ ಅತ್ತಳು. ಹೊರಗೆ ಬಂದ ಮೇಲೆ ನಾನು, ಇದು ದುಡಿಯುವವರಿಗೆ ಮಾಡಿದ ಮೋಸ, ಮಾಲೀಕನ ಮಗ ತಾಳಿ ಕಟ್ಟಿದರೆ ಉಳಿದ ಸಾವಿರ ಜನರಿಗೆ ಎಂತ ಸಿಕ್ಕಿತು, ಎಂದು ಕೇಳಿದೆ. "ಮಾಲೀಕನ ಮಗ ಅಷ್ಟು ಚಂದ ಇದ್ದರೆ ನಾನಾದರೂ ಸ್ಟ್ರೈಕ್ ನಿಲ್ಲಿಸುತ್ತಿದ್ದೆ ಮಾರಾಯ್ತಿ" ಎಂದಳು ಡಾಲಿ. ಹನ್ನೊಂದು ಸಲ ಗಿರಣಿಯ ಗೇಟು ತೋರಿಸಿದರು, ನಾನು ಎಣಿಸಿದ್ದೇನೆ, ಒಂದು ಸಲವಾದರೂ ಗೇಟಿನಲ್ಲಿ ಯಾರ ಸೆರಗನ್ನೂ ಕೊಡವಿಸಲಿಲ್ಲ, ಎಂದೆ. ಅದಕ್ಕೆ ಆರಿಫಾ, "ಅದನ್ನು ತೋರಿಸಿದರೆ ಟಿಕೆಟ್ ಯಾರು ತೆಗೆಯುತ್ತಾರೆ? ನೀನು ದಿನಾ ಪುಕ್ಕಟೆ ನೋಡುತ್ತೀಯಲ್ಲ" ಎಂದಳು. ನಗು ಬಂತು. ಸಿಟ್ಟೂ ಬಂತು.

ಈ ಹೊತ್ತು ಬೆಳಿಗ್ಗೆ ಡಾಲಿಯೂ ನಾನೂ ಹೊಳೆ ದಾಟಿ ಉಳ್ಳಾಲಕ್ಕೆ ಹೋದೆವು. ಆರಿಫಾಳ ತಾಯಿ ಖತೀಜಮ್ಮ ಅಕ್ಕಿರೊಟ್ಟಿ ಮಾಡಿ ಕಾಯುತ್ತಿದ್ದರು. ಮೂವರಿಗೆ ಸಾಕಾಗುವುದಕ್ಕಿಂತ ಹೆಚ್ಚು ಇತ್ತು. "ನಾಲ್ಕನೆಯವಳು ಎಲ್ಲಿ?" ಎಂದು ಕೇಳಿದರು. ತಲೆನೋವಂತೆ ಎಂದಳು ಡಾಲಿ. ಗುರುವಾರದಿಂದಲೋ ಶುಕ್ರವಾರದಿಂದಲೋ ಇವರಿಗೆ ನೋಂಬು. ಅದಕ್ಕೂ ಮೊದಲು ಬುಧವಾರ ನಿನ್ನ ಹಣೆಗೆ ಪಾದ್ರಿಯವರು ಬೂದಿ ಹಚ್ಚುತ್ತಾರೆ. ನಾವು ವರ್ಷವಿಡೀ ಕೈಗೆ ಬೂದಿ ಹಚ್ಚಿಕೊಳ್ಳುವವರು ನಿನ್ನನ್ನು ಆ ದಿನ ನೆನೆಸಿಕೊಳ್ಳುತ್ತೇವೆ.

ಊಟದ ನಂತರ ಹೊಯಿಗೆಯ ಮೇಲೆ, ದಡಕ್ಕೆ ಎಳೆದು ಹಾಕಿದ ದೋಣಿಯ ನೆರಳಿನಲ್ಲಿ ಮಲಗಿದೆವು. ಆರಿಫಾ ಕಾದಂಬರಿ ಓದಿದಳು. ಅವಳ ಅಣ್ಣ ಕಬೀರ್ ಅಂಗಡಿಯಲ್ಲಿ ಪೊಟ್ಟಣ ಕಟ್ಟಲು ತಂದ ರದ್ದಿಯಿಂದ ಉಳಿಸಿದ್ದು. ಮುಂದಿನ ರಟ್ಟು ಇಲ್ಲ, ಹೆಸರು ಗೊತ್ತಿಲ್ಲ, ಕೊನೆಯ ಹದಿನಾರು ಪುಟದಲ್ಲಿ ಆಗಲೇ ಯಾರಿಗೋ ಮೆಣಸು ಕಟ್ಟಿಕೊಟ್ಟಾಗಿತ್ತು. ಗಂಡ ಕೊಲಂಬೊದಿಂದ ಬಂದು ಬಾಗಿಲು ತಟ್ಟುವಲ್ಲಿಗೆ ಕಥೆ ನಿಂತಿತು. ಹೆಂಡತಿ ಬಾಗಿಲು ತೆರೆಯುತ್ತಾಳೋ ಇಲ್ಲವೋ? ತೆರೆಯಬಾರದು ಎಂದೆ ನಾನು. ತೆರೆದು ಚೆನ್ನಾಗಿ ಬೈಯಬೇಕು ಎಂದಳು ಆರಿಫಾ. "ವಿನ್ನಿಯಕ್ಕ ಇದ್ದಿದ್ದರೆ ಸರಿಯಾದ ಕೊನೆ ಹೇಳುತ್ತಿದ್ದಳು" ಎಂದು ಡಾಲಿ ಹೇಳಿದಳು. ನಿಜ. ಶಾಲೆಯಲ್ಲಿ ನೀನು, ನಾನು, ಆರಿಫಾ ಒಂದೇ ಬೆಂಚಿನಲ್ಲಿ ಕೂತಿದ್ದಾಗಲೂ ಹರಿದ ಪಾಠಕ್ಕೆಲ್ಲ ನೀನೇ ಕೊನೆ ಕಟ್ಟುತ್ತಿದ್ದೆ. ನಾನು ನೀರಿನ ಕಡೆ ನೋಡಿದೆ.

ಆಮೇಲೆ ನನ್ನ ಸರದಿ. ನಾನು ತಂದದ್ದು ಕೊಡಿಯಾಲ್‌ಬೈಲಿನ ವಾಚನಾಲಯದಲ್ಲಿ ಎರಡಾಣೆಗೆ ಸಿಗುವ ಕಿರುಪುಸ್ತಕ, ದುಡಿಯುವವರ ಹಕ್ಕಿನ ಬಗ್ಗೆ. ನನ್ನಲ್ಲಿ ಇಂಥವು ಹತ್ತೊಂಬತ್ತು ಉಂಟು. ಏಳನೆಯ ತರಗತಿಯ ನಂತರ ನನಗೆ ಇವೇ ಶಾಲೆ. ಖತೀಜಮ್ಮನೂ ಬಂದು ಎಲೆ ಅಡಿಕೆ ಹಾಕಿಕೊಂಡು ಕೂತರು. ನಾನು ಎದ್ದುನಿಂತು ಓದಿದೆ. ಆರು ಪುಟ ಆದ ಮೇಲೆ ಅವರು, "ಇದರಲ್ಲಿ ಎಲ್ಲ ಕಡೆ ಕಾರ್ಮಿಕ, ಕಾರ್ಮಿಕ ಅಂತ ಉಂಟು. ನಿನ್ನ ಅಮ್ಮ ಯಾವ ಪುಟದಲ್ಲಿ ಬರುತ್ತಾಳೆ ಮಗಳೇ?" ಎಂದು ಕೇಳಿದರು. ನಾನು ಹುಡುಕಿದೆ. ಹೆಂಗಸು ಎನ್ನುವ ಮಾತು ಹದಿನೈದನೆಯ ಪುಟದಲ್ಲಿ ಒಂದು ಸಲ ಇತ್ತು, ಮಕ್ಕಳ ಜೊತೆ ಸೇರಿಸಿ. ಇವುಗಳಲ್ಲಿ ನಾವಿಲ್ಲ ಎಂದು ಮೊದಲೇ ಅನಿಸಿದ್ದಕ್ಕೇ ನಾನು ಪುಸ್ತಕ ಬಿಟ್ಟು ನಮ್ಮದೇ ಒಂದು ಕಾಗದ ಬರೆದದ್ದು ವಿನ್ನಿ. ಈಗ ಅದಕ್ಕೆ ಬರುತ್ತೇನೆ. ಸುತ್ತು ಬಳಸಿದ್ದು ಸಾಕು.

ಅಮ್ಮನ ತುರುಬಿನಲ್ಲಿ ಬೀಜ ಇರಲಿಲ್ಲ. ಒಂದು ಕಾಗದ ಇತ್ತು. ಅದು ನಿನಗೆ ಸಿಕ್ಕಿದೆ.

ಅದರಲ್ಲಿ ಏನಿದೆ ಎಂದು ನೀನು ಓದಿರಬೇಕು. ಗೇಟಿನಲ್ಲಿ ಹೆಂಗಸರ ಮೈ ತಡವುವುದನ್ನು ನಿಲ್ಲಿಸಬೇಕು ಎಂದು ಲೇಬರ್ ಆಫೀಸರರಿಗೆ ಅರ್ಜಿ. ಅಕ್ಷರ ನನ್ನದು. ಕೆಳಗೆ ನನ್ನದೂ ಸೇರಿ ಮೂವತ್ತೊಂದು ಹೆಬ್ಬೆಟ್ಟು. ಶಾಯಿ ಇರಲಿಲ್ಲ, ಗೇರೆಣ್ಣೆಗೆ ಒಲೆಯ ಮಸಿ ಕಲಸಿ ಒತ್ತಿಸಿದೆ. ಎರಡು ವಾರ, ದಿನಕ್ಕೆ ಇಬ್ಬರು ಮೂವರಂತೆ, ನೀರು ಕುಡಿಯಲು ಹೋಗುವ ಸಂದಿಯಲ್ಲಿ. ಶುಕ್ರವಾರ ಮಧ್ಯಾಹ್ನ ಕೊನೆಯವಳು ಒತ್ತಿದಳು. ಹೊರಗೆ ತರುವುದು ಹೇಗೆ? ನನ್ನನ್ನು ದಿನಾ ಎರಡು ಸಲ ತಡವುತ್ತಾರೆ, ನಾನು ಜೋರುಬಾಯಿಯವಳು. ಅಮ್ಮನ ತಲೆಗೆ ಮಾತ್ರ ಯಾರೂ ಕೈ ಹಾಕಿದವರಿಲ್ಲ. ಮೀನಿನ ಬುಟ್ಟಿ ಹೊತ್ತು ಹೊತ್ತು ಅವಳ ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ ಎಂದು ನಿನಗೆ ಗೊತ್ತಲ್ಲ, ತುರುಬು ಕಟ್ಟುವವಳು ಯಾವಾಗಲೂ ನಾನೇ. ಊಟದ ಬಿಡುವಿನಲ್ಲಿ, ಸಡಿಲಾಗಿದೆ ಎಂದು ಬಿಚ್ಚಿ ಮತ್ತೆ ಕಟ್ಟಿದೆ. ಕಾಗದ ಒಳಗೆ ಹೋಯಿತು. ಮೇಸ್ತ್ರಿ ನೋಡಿದ್ದು ಅದನ್ನೇ.

ಅದನ್ನು ಇಟ್ಟವಳು ನಾನು, ಒಪ್ಪುತ್ತೇನೆ. ಮತ್ತೆ, ಕಾರ್ಖಾನೆಯಿಂದ ನಾನು ಏನೂ ತಂದವಳೇ ಅಲ್ಲ ಎಂದೂ ಸುಳ್ಳು ಹೇಳುವುದಿಲ್ಲ. ಒಮ್ಮೆ ಆರಿಫಾ ಜ್ವರದಲ್ಲಿದ್ದಾಗ ನಾಲ್ಕು ಬೀಜ ಬಾಯಲ್ಲಿ ಇಟ್ಟುಕೊಂಡು ಗೇಟು ದಾಟಿದ್ದೆ. ಅದರಲ್ಲಿ ಎರಡು ದಾರಿಯಲ್ಲೇ ಕರಗಿದವು. ಅದಕ್ಕೆ ಬೇಕಾದರೆ ನನ್ನನ್ನು ಹಿಡಿಯಿರಿ. ನಾಲ್ಕು ಬೀಜಕ್ಕಾಗಿ ಮುನ್ನೂರು ಹೆಂಗಸರು ದಿನಾ ಕೈ ಎತ್ತಿ ನಿಲ್ಲುವುದು ಯಾವ ನ್ಯಾಯ?

ಶನಿವಾರ ಬೆಳಗಿನ ಜಾವ ಅಮ್ಮ ಏಳುವ ಮೊದಲು ಅವಳ ತುರುಬು ಮುಟ್ಟಿ ನೋಡಿದೆ. ಕಾಗದ ಇರಲಿಲ್ಲ. ಶುಕ್ರವಾರ ಸಂಜೆಯಿಂದ ಅವಳು ನನ್ನೊಡನೆ ಒಂದು ಮಾತು ಆಡಿಲ್ಲ. ಕೂದಲು ಮುಟ್ಟಲೂ ಬಿಡುವುದಿಲ್ಲ. ಪಕ್ಕದ ಮನೆಯ ಹೇಮಾಕ್ಷಿಯನ್ನು ಕರೆದು ಕಟ್ಟಿಸಿಕೊಳ್ಳುತ್ತಾಳೆ. ನೀನು ಅವಳಿಗೆ ಎಂಥ ಅವಮಾನ ಮಾಡಿದ್ದೀ ಎಂದು ಇದರಿಂದಲೇ ತಿಳಿದುಕೋ. ಸ್ವಂತ ಮಗಳ ಕೈಯೂ ಅವಳಿಗೆ ಬೇಡವಾಗಿದೆ.

ಇದನ್ನೆಲ್ಲ ದೋಣಿಯ ನೆರಳಿನಲ್ಲಿ ಕೂತು ಹೇಳಿದೆ. "ಅಕ್ಕ ಮನೆಗೆ ಬಂದಾಗ ಅವಳ ಹತ್ತಿರ ಯಾವ ಕಾಗದವೂ ಇರಲಿಲ್ಲ, ನಾನೇ ಅವಳ ಬಟ್ಟೆ ಒಗೆಯಲು ಹಾಕಿದ್ದು" ಎಂದಳು ಡಾಲಿ. ತಂಗಿ ಅಕ್ಕನ ಪರ ಹೇಳದೆ ಇನ್ನೇನು ಹೇಳುತ್ತಾಳೆ? ಆರಿಫಾ ಒಂದು ಪ್ರಶ್ನೆ ಕೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡು ವರ್ಷದ ಹಿಂದೆ ಕುಡಿಯುವ ನೀರಿಗೆ ಮುಚ್ಚಳ ಕೇಳಿದ ನಾಲ್ಕು ಜನರಿಗೆ ಮರುದಿನ ಗೇಟು ತೆರೆಯಲಿಲ್ಲ. ಈಗ ನಿನ್ನ ಕೈಯಲ್ಲಿ ಇರುವುದು ಮೂವತ್ತೊಂದು ಜನರ ಬೆರಳು. ಒಡೆಯುವ ಸಾಲಿನ ಬೆರಳುಗಳು, ಅದರಲ್ಲಿ ಗೆರೆಯೇ ಉಳಿದಿಲ್ಲ, ಆದರೆ ಯಾರು ಯಾರದ್ದು ಎಂದು ಪಕ್ಕದಲ್ಲೇ ನಾನು ದಪ್ಪ ಅಕ್ಷರದಲ್ಲಿ ಹೆಸರು ಬರೆದಿದ್ದೇನೆ. ಜಾಣತನ ಎಂದು ತಿಳಿದು ಬರೆದೆ. ಮೇಸ್ತ್ರಿಗೆ ಓದಲು ಅದಕ್ಕಿಂತ ಸುಲಭದ ಪಟ್ಟಿ ಬೇರೆ ಸಿಗಲಿಕ್ಕಿಲ್ಲ. ನಾಳೆ ಎಂಟು ಗಂಟೆಗೆ ನೀನು ಅದನ್ನು ಅವನಿಗೆ ಕೊಟ್ಟರೆ ಒಂಬತ್ತಕ್ಕೆ ನಾವೆಲ್ಲ ರಸ್ತೆಯಲ್ಲಿ. ನನಗೇನೂ ಹೆದರಿಕೆ ಇಲ್ಲ. ಆದರೆ ಆ ಮೂವತ್ತು ಜನರನ್ನು ಒಪ್ಪಿಸಿದವಳು ನಾನು. ಒಬ್ಬೊಬ್ಬಳಿಗೂ, ಎಂತ ಆಗುವುದಿಲ್ಲ, ನಾನಿದ್ದೇನೆ, ಎಂದು ಹೇಳಿದವಳು ನಾನು.

ಅದಕ್ಕೆ ಕೇಳುತ್ತಿದ್ದೇನೆ. ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಕಾಗದವನ್ನು ಡಾಲಿಯ ಕೈಯಲ್ಲಿ ಕಳಿಸು. ಸುಟ್ಟಿದ್ದರೆ ಸುಟ್ಟೆ ಎಂದು ಹೇಳು. ನಾನು ಮತ್ತೆ ಮೊದಲಿನಿಂದ ಬರೆಯುತ್ತೇನೆ, ಮತ್ತೆ ಮೂವತ್ತೊಂದು ಬೆರಳು ಒತ್ತಿಸುತ್ತೇನೆ. ನೀನು ಎಷ್ಟು ತುರುಬು ಬಿಚ್ಚುತ್ತೀಯೋ ಬಿಚ್ಚು.

ನಾವು ಆಡುವುದು ತುಳು, ನಿನ್ನ ಮನೆಮಾತು ಕೊಂಕಣಿ. ಕನ್ನಡದಲ್ಲಿ ಬರೆಯುವಾಗ ನಾನು ಸ್ವಲ್ಪ ಗಟ್ಟಿ ಕಾಣುತ್ತೇನೆ ಎಂದು ನೀನು ಹಿಂದೆ ತಮಾಷೆ ಮಾಡುತ್ತಿದ್ದೆ. ಈ ಸಲ ಆಡುವಾಗಲೂ ಇಷ್ಟೇ ಗಟ್ಟಿ ಇದ್ದೇನೆ.

ಒಂದು ಕಾಲದಲ್ಲಿ ನಿನ್ನ ಪಕ್ಕದಲ್ಲಿ ಕೂತಿದ್ದ,
ಕುಮುದಿನಿ

ಮರೆತದ್ದು: ಸಹಿ ಹಾಕಿ ಮಡಚುತ್ತಿದ್ದೆ. ಡಾಲಿ ಏಳೂವರೆಯ ದೇರೆಬೈಲ್ ಬಸ್ಸಿಗೆ ಹೊರಟು ಜಗಲಿಯಲ್ಲಿ ಕಾಯುತ್ತಿದ್ದಳು. ಅಮ್ಮ ಒಳಗಿನಿಂದ ಬಂದು ಎದುರು ಕೂತಳು. "ಓದು, ಎಂತ ಬರೆದಿದ್ದೀ ಕೇಳುತ್ತೇನೆ" ಎಂದಳು. ಎರಡು ದಿನದಲ್ಲಿ ಮೊದಲ ಮಾತು. ಓದಿದೆ. ಸ್ಟ್ರೈಕ್ ನಿಲ್ಲಿಸುತ್ತಿದ್ದೆ ಎಂಬ ಡಾಲಿಯ ಮಾತಿಗೆ ಅಮ್ಮನಿಗೆ ನಗು ಬಂತು, ಸೆರಗಿನಿಂದ ಮುಚ್ಚಿಕೊಂಡಳು. ಕೊನೆಯವರೆಗೆ ಕೇಳಿದಳು. ಆಮೇಲೆ ಸೊಂಟದಿಂದ ಎಲೆ ಅಡಿಕೆಯ ಚೀಲ ತೆಗೆದು, ಅದರ ಒಳಗಿನಿಂದ ನಾಲ್ಕು ಮಡಿಕೆಯ ಕಾಗದವನ್ನು ತೆಗೆದು ನನ್ನ ಮುಂದೆ ಇಟ್ಟಳು. ಮೂವತ್ತೊಂದು ಹೆಬ್ಬೆಟ್ಟು. ಒಂದೂ ಅಳಿಸಿಲ್ಲ.

"ಕೂದಲು ಬಿಚ್ಚಿದಾಗ ಕಾಗದ ಆ ಹುಡುಗಿಯ ಅಂಗೈಗೆ ಬಿತ್ತು. ಬಿಚ್ಚುವ ಮೊದಲೇ ಮೇಸ್ತ್ರಿಗೆ ಬೆನ್ನು ಹಾಕಿದ್ದಳು. ಎಂತ ಇಲ್ಲ ಅಂದಳು. ಮತ್ತೆ ಅದನ್ನು ಅಲ್ಲಿಯೇ ಇಟ್ಟು ಕಟ್ಟಿದಳು. ನಿನಗಿಂತ ಗಟ್ಟಿ ಕಟ್ಟಿದಳು." ಹೀಗೆಂದಳು. ಆ ರಾತ್ರಿಯೇ ಅದನ್ನು ತೆಗೆದು ಚೀಲಕ್ಕೆ ಹಾಕಿದ್ದಳಂತೆ, ನಿನ್ನ ಗುಟ್ಟು ಹೊರಬೀಳಬಾರದು ಎಂದು ಯಾರಿಗೂ ಹೇಳಲಿಲ್ಲವಂತೆ. ನನ್ನ ಹತ್ತಿರ ಮಾತು ಬಿಟ್ಟದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಸೆರಗು ಸರಿಸಿ ಕುತ್ತಿಗೆಯ ಹಿಂಭಾಗ ತೋರಿಸಿದಳು. ಗೇರೆಣ್ಣೆ ತಾಗಿ ತೊಗರಿಬೇಳೆಯಷ್ಟು ದೊಡ್ಡ ಎರಡು ಬೊಕ್ಕೆ. "ಮಧ್ಯಾಹ್ನದಿಂದ ಉರಿಯುತ್ತಿತ್ತು. ನನಗೆ ಗೊತ್ತಾಗುವುದಿಲ್ಲವಾ? ಇಡುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ" ಎಂದಳು. ಆರಿಫಾ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು.

ಅಮ್ಮ ಹೆದರುತ್ತಾಳೆ ಎಂದು ತಿಳಿದು ನಾನು ಅವಳ ಹೆಬ್ಬೆಟ್ಟು ಕೇಳಿಯೇ ಇರಲಿಲ್ಲ. ಈಗ ದೀಪದ ಗಾಜಿನ ಮಸಿ ಬೆರಳಿಗೆ ಒರೆಸಿಕೊಂಡು ಅವಳೇ ಒತ್ತಿದಳು. ಮೂವತ್ತೆರಡು.

ಮೇಲೆ ನಿನ್ನ ಕೈಯ ಬಗ್ಗೆ ಬರೆದದ್ದನ್ನು ಹೊಡೆದು ಹಾಕಬೇಕು ಎನಿಸಿತು. ಹಾಗೆಯೇ ಬಿಟ್ಟಿದ್ದೇನೆ. ನಾನು ಎಂಥವಳು ಎಂದು ನಿನಗೆ ತಿಳಿದಿರಲಿ. ಮೊದಲ ಸಾಲನ್ನೂ ಹೊಡೆದು ಹಾಕುವುದಿಲ್ಲ. ಗೇಟಿನಲ್ಲಿ ತುರುಬು ಬಿಚ್ಚುವುದು ತಪ್ಪು, ಯಾರು ಬಿಚ್ಚಿದರೂ ತಪ್ಪು, ಯಾಕೆ ಬಿಚ್ಚಿದರೂ ತಪ್ಪು. ಕೇಳದೆ ಅದರಲ್ಲಿ ಕಾಗದ ಇಟ್ಟದ್ದೂ ತಪ್ಪು. ಅದು ನನ್ನದು.

ಅರ್ಜಿಯ ಕೆಳಗೆ ಇನ್ನೊಂದು ಹೆಸರಿಗೆ ಜಾಗ ಉಂಟು. ನಿನಗೆ ಹೆಬ್ಬೆಟ್ಟು ಬೇಡ, ಸಹಿ ಬರುತ್ತದೆ. ಸ್ಟೂಲಿನ ಮೇಲೆ ಕೂತವಳೇ ಸಹಿ ಮಾಡಿದರೆ ಅದು ಮೂವತ್ತೆರಡಕ್ಕಿಂತ ಭಾರ. ಆದರೆ ಸ್ಟೂಲು ಹೋಗುತ್ತದೆ, ಮತ್ತೆ ಒಡೆಯುವ ಸಾಲಿಗೆ ಬರಬೇಕಾದೀತು, ಅದೂ ಸಿಕ್ಕರೆ. ನಿನ್ನ ಬೆರಳು ನಾನು ನೋಡಿದ್ದೇನೆ, ಆದ್ದರಿಂದ ಬಾ ಎಂದು ಒತ್ತಾಯಿಸುವುದಿಲ್ಲ. ಈ ಸಲ ಮೊದಲು ಕೇಳುತ್ತಿದ್ದೇನೆ.

ಅಮ್ಮ ನಾಳೆ ಕೆಲಸಕ್ಕೆ ಹೋಗುವುದಿಲ್ಲ, ಅರ್ಜಿ ಕೊಡಲು ನನ್ನ ಜೊತೆ ಬರುತ್ತಾಳೆ. ಕಾಗದ ಅವಳ ಚೀಲದಲ್ಲೇ ಇರುತ್ತದೆ, ನನ್ನ ಕೈಗೆ ಕೊಡುವುದಿಲ್ಲವಂತೆ. ನಾವು ನಿನಗಾಗಿ ಕಾಯುವುದು ಕೊಡಿಯಾಲ್‌ಬೈಲ್, ಡಾಲಿಯ ಆಫೀಸಿನ ಎದುರು, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ.